ಬಿಡಿಭಾಗ ಬಿಡಿಯಾಗಿಯೇ ಸಿಗಲಿ

ಸ್ಟೇರಿಂಗ್ ಮೇಲೆ ಕೆಳಗೆ ಮಾಡುವುದು ದುಡ್ಡಿದ್ದವರ ಶೋಕಿ ಎಂದು ಹಲವರು ತಿಳಿದಿದ್ದಾರೆ. ನಮ್ಮ ಮನೆಯಲ್ಲಿ ಇರುವುದು ಒಂದೇ ಕಾರು. ಆರಡಿಯ ಅಪ್ಪನೂ ಅದನ್ನೇ ಓಡಿಸಬೇಕು, ಐದಡಿಯ ನಾನೂ ಅದನ್ನೇ ಓಡಿಸಬೇಕು. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಆ ಹಳೇ ಕಾರಿನಲ್ಲಿ ಗುಂಡಿ ಒತ್ತಿದರೆ ಸ್ಟೇರಿಂಗ್ ತಾನೇ ಏರಿಳಿಯುತ್ತಿತ್ತು. ಕಳೆದ ಮಳೆಗಾಲದಲ್ಲಿ ಅದು ಅಪ್ಪನ ಎತ್ತರದಲ್ಲೇ ನಿಂತುಬಿಟ್ಟಿತು. ಸೊರಬದಿಂದ ಶಿರಾಳಕೊಪ್ಪದ ಮೇಲೆ ಶಿಕಾರಿಪುರದ ಶಾಲೆಗೆ ಹೋಗುವ ನಾನು ಸೀಟನ್ನು ಮುಂದೆಳೆದುಕೊಂಡು ಎದೆ ತಾಗುವಷ್ಟು ಹತ್ತಿರ ಕೂರಬೇಕಾಯಿತು. ಏರ್‌ಬ್ಯಾಗಿಗೂ ಎದೆಗೂ ಕನಿಷ್ಠ 25 ಸೆಂಟಿಮೀಟರ್ ಅಂತರ ಬೇಕು. ಅದು ಬಿಚ್ಚಿಕೊಳ್ಳುವ ರಭಸಕ್ಕೆ ತೀರಾ ಹತ್ತಿರ ಕೂತವರೇ ಪೆಟ್ಟು ತಿನ್ನುತ್ತಾರೆ. ಮೇಲೆದ್ದು ನಿಂತ ಸ್ಟೇರಿಂಗ್ ಆದರಂತೂ ಕುಳ್ಳಗಿರುವವರ ಮುಖಕ್ಕೇ ನೇರ ಗುರಿ.

ನಗರದ ಸರ್ವೀಸ್ ಸೆಂಟರಿನಲ್ಲಿ, ‘ಸ್ಟೇರಿಂಗ್ ಕಾಲಂ ಪೂರ್ತಿ ಬದಲಿಸಬೇಕು, ಬಿಡಿ ಪಾರ್ಟ್ ಬರಲ್ಲ’ ಎಂದರು. ಹೇಳಿದ ಮೊತ್ತ, ಕಾರು ಮಾರಿದರೆ ಬರುವ ದುಡ್ಡಿನ ಅರ್ಧದಷ್ಟು.

ಶಿಕಾರಿಪುರದ ಗ್ಯಾರೇಜಿನವರು ಗುಂಡಿ ಒತ್ತಿ ಕಿವಿಗೊಟ್ಟರು. ‘ಮೋಟಾರ್ ತಿರುಗ್ತಿದೆ ಮೇಡಂ, ಎಳೀತಿಲ್ಲ.’ ಅಲ್ಲಿಗೆ ಫ್ಯೂಸ್, ವೈರು, ಗುಂಡಿ ಯಾವುದರದೂ ತಪ್ಪಿಲ್ಲವೆಂದಾಯಿತು. ಬ್ಯಾಟರಿಯ ಕನೆಕ್ಷನ್ ತೆಗೆದರು. ಏರ್‌ಬ್ಯಾಗಿನ ಸರ್ಕ್ಯೂಟಿನಲ್ಲಿ ಉಳಿದ ಕರೆಂಟ್ ಇಳಿಯಲಿ ಎಂದು ಕಾದ ಮೇಲೆಯೇ ಕಾಲಂಗೆ ಕೈ ಹಾಕಿದರು. ಒಳಗೆ ಮೋಟಾರನ್ನೂ ಉದ್ದನೆಯ ಸ್ಕ್ರೂವನ್ನೂ ಜೋಡಿಸುವ ಹೆಬ್ಬೆರಳುಗಾತ್ರದ ಪ್ಲಾಸ್ಟಿಕ್ ಕಪ್ಲಿಂಗ್ ಮೂರು ಚೂರಾಗಿತ್ತು. ಗ್ರೀಸ್ ಒಣಗಿ ಹಲಸಿನ ಮೇಣದ ಹಾಗೆ ಗಟ್ಟಿಯಾಗಿತ್ತು. ಚೂರುಗಳನ್ನು ಅಂಟಿಸಿ, ವರ್ನಿಯರ್‌ನಲ್ಲಿ ಅಳೆದು, ಸೊರಬದ ಲೇತಿನವರು ನೈಲಾನ್ ರಾಡಿನಿಂದ ಹೊಸದನ್ನು ಕಡೆದುಕೊಟ್ಟರು. ಇದು ಎತ್ತರ ಹೊಂದಿಸುವ ತುಂಡು ಅಷ್ಟೇ. ಚಕ್ರ ತಿರುಗಿಸುವ ಶಾಫ್ಟಿನಲ್ಲಿ ಇಂಥ ಕೆಲಸ ಮಾಡಲು ಅವರೂ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ.

ಈಗ ಸ್ಟೇರಿಂಗ್ ಏರಿಳಿಯುತ್ತದೆ. ಆದರೆ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗಿನ ದೀಪ ಹೊತ್ತಿಕೊಂಡಿತ್ತು. ಅದೇಕೆ ಹೊತ್ತಿದೆ ಎಂದು ಓದಲು, ಸರಿಪಡಿಸಿ ಆರಿಸಲು ಗ್ಯಾರೇಜಿನವರ ಸ್ಕ್ಯಾನರಿಗೆ ಆಗಲಿಲ್ಲ. ಅದೊಂದಕ್ಕಾಗಿ ಮತ್ತೆ ನಗರಕ್ಕೆ ಹೋಗಬೇಕಾಯಿತು. ಗುಡಿಗಾರರ ಕೆತ್ತನೆಗೆ ಹೆಸರಾದ ಸೊರಬದಲ್ಲಿ ಕೈಕೆಲಸ ಬಲ್ಲವರಿಗೆ ಬರವಿಲ್ಲ. ಅವರ ಕೈಗೆ ಮಾಹಿತಿ ಸಿಗದಂತೆ ಇಟ್ಟುಕೊಂಡಿರುವುದು ಕಂಪನಿಗಳು.

ಇದು ತಪ್ಪೆಂದು ನಮ್ಮ ದೇಶದಲ್ಲೇ ತೀರ್ಪಾಗಿದೆ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದೇ ಕಾರಣ. ಅಮೆರಿಕದ ಮಸಾಚುಸೆಟ್ಸ್ ರಾಜ್ಯ 2012ರಲ್ಲೇ ಇದಕ್ಕೊಂದು ಕಾನೂನು ಮಾಡಿಕೊಂಡಿತು. ನಮ್ಮಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ರಿಪೇರಿಯ ಹಕ್ಕಿ’ಗೆ ಸಮಿತಿ ಮಾಡಿತು, ಅದೇ ವರ್ಷದ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಪೋರ್ಟಲ್ ಒಳ್ಳೆಯದೇ. ಆದರೆ ಅದರಿಂದ ಶಿಕಾರಿಪುರದ ಗ್ಯಾರೇಜಿಗೆ ಒಂದು ಕಪ್ಲಿಂಗ್ ಬರಲಿಲ್ಲ.

ನಮ್ಮ ಸಂಸದರು ದೆಹಲಿಯಲ್ಲಿ ಕಾನೂನನ್ನೇ ಕೇಳಲಿ. ಮಾಡೆಲ್ ನಿಂತ ಮೇಲೂ ಇಷ್ಟು ವರ್ಷ ಬಿಡಿಭಾಗ ಕೊಡಬೇಕು ಎಂದು ಅದರಲ್ಲಿರಲಿ. ಚಿಕ್ಕ ತುಂಡಿಗೂ ಅದರದೇ ಪಾರ್ಟ್ ನಂಬರ್, ಅದರದೇ ಬೆಲೆ ಇರಲಿ. ಸರ್ವೀಸ್ ಮ್ಯಾನುಯಲ್ ಮತ್ತು ಸ್ಕ್ಯಾನರಿನ ಸಾಫ್ಟ್‌ವೇರ್ ತಾಲ್ಲೂಕಿನ ಗ್ಯಾರೇಜಿಗೆ ಕೈಗೆಟುಕುವ ದರದಲ್ಲಿ, ಕನ್ನಡದಲ್ಲೂ ಸಿಗಲಿ.