ಲ್ಯೂರ್‌ಗೆ ಬಣ್ಣ ಆಮೇಲೆ, ಮೊದಲು ಬಕೆಟ್‌ನಲ್ಲಿ ತೇಲಿಸಿ ನೋಡಿ

ಕೆರೆ ತುಂಬಿದ ಮೇಲೆ ಮೊಬೈಲ್ ತೆರೆದರೆ ಸಾಕು, ಕೊರವ ಮೀನು ಹಿಡಿಯುವ ವಿಡಿಯೋಗಳ ಸಾಲೇ ಬರುತ್ತದೆ. ಬಣ್ಣದ ಲ್ಯೂರ್ ಒಂದು ಎಸೆತ, ನೀರು ಭಳ್ ಅಂತ ಒಡೆಯುತ್ತೆ, ಮೀನು ದಡಕ್ಕೆ. ಅದನ್ನು ನೋಡಿ ಆನ್‌ಲೈನ್‌ನಲ್ಲಿ 300–400 ರೂಪಾಯಿ ಕೊಟ್ಟು ಪ್ಲಾಸ್ಟಿಕ್ ಲ್ಯೂರ್ ತರಿಸಿ, ಮೊದಲ ದಿನವೇ ಕೆರೆಯಂಗಳದ ಜಾಲಿ ಬೊಡ್ಡೆಗೆ ಸಿಕ್ಕಿಸಿ ಕಳ್ಕೊಂಡವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಹಾಗಾಗಿ ಈಗ ಕೆಲವು ಹುಡುಗರು ಮನೆಯಲ್ಲೇ ಮರದ ಲ್ಯೂರ್ ಕೆತ್ತಿ ಬಣ್ಣ ಬಳಿಯೋಕೆ ಶುರು ಮಾಡಿದ್ದಾರೆ. ಇದು ಒಳ್ಳೆಯ ಕೆಲಸ, ಮಾಡಲೇಬೇಕು ಅಂತಲೇ ನಾನೂ ಹೇಳ್ತೀನಿ.

ಆದರೆ ನನ್ನದೊಂದು ತಕರಾರಿದೆ. ಎಲ್ಲರ ಗಮನ ಬಣ್ಣದ ಮೇಲೇ ಇದೆ. ಕಣ್ಣು, ಹುರುಪೆ, ಚುಕ್ಕೆ, ಮಿಂಚು ಎಲ್ಲ ಇರುತ್ತೆ. ಒಳಗಿನ ತಂತಿ ಹೇಗಿದೆ, ಕೊಕ್ಕೆ ಎಷ್ಟು ಗಟ್ಟಿ ನಿಂತಿದೆ ಅಂತ ಕೇಳೋರೇ ಇಲ್ಲ. ನಮ್ಮ ಕೆರೆಗಳ ಮಟ್ಟಿಗೆ ಇದು ಸಣ್ಣ ವಿಷಯ ಅಲ್ಲ.

ಕಿತ್ತುಹೋದ ಕೊಕ್ಕೆ ಎಲ್ಲಿಗೆ ಹೋಗುತ್ತೆ?

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅಂಗಳದಲ್ಲಿ ಮೇಯೋದು ನಮ್ಮದೇ ದನ. ಮೇವಿನ ಜೊತೆ ತಂತಿ ಬಂತೋ, ಮೊಳೆ ಬಂತೋ ಅಂತ ಹಸು ನೋಡಿ ತಿನ್ನೋದಿಲ್ಲ, ನಾಲಿಗೆಯಲ್ಲಿ ಸುತ್ತಿ ನುಂಗಿಬಿಡುತ್ತೆ. ಚೂಪಾದ ಲೋಹ ಎರಡನೇ ಹೊಟ್ಟೆಯಲ್ಲಿ ಕೂತು, ಅಲ್ಲಿಂದ ಚುಚ್ಚಿಕೊಂಡು ಹೃದಯದ ಚೀಲದವರೆಗೂ ಹೋಗಬಹುದು. ಮೇವು ಬಿಟ್ಟು, ಬೆನ್ನು ಬಾಗಿಸಿ ನಿಲ್ಲುವ ಹಸುವನ್ನು ಕಂಡವರಿಗೆ ಇದು ಗೊತ್ತು. ಅದೇ ಕೆರೆಗೆ ಮಕ್ಕಳೂ ಬರಿಗಾಲಲ್ಲಿ ಇಳಿಯುತ್ತಾರೆ. ಆದ್ದರಿಂದ ಕೆಟ್ಟದಾಗಿ ಮಾಡಿದ ಲ್ಯೂರ್‌ನಿಂದ ತಪ್ಪಿಹೋಗೋದು ಮೀನು ಮಾತ್ರ ಅಲ್ಲ, ಕೊಕ್ಕೆಯೂ ಕೆರೆಯಲ್ಲೇ ಉಳಿಯುತ್ತೆ.

ಮರದ ಲ್ಯೂರ್‌ನ ದೊಡ್ಡ ಗುಣ ಇರೋದು ಇಲ್ಲೇ. ಹಗುರ ಮರದಲ್ಲಿ ಸರಿಯಾಗಿ ಮಾಡಿದ್ದು ತೇಲುತ್ತೆ. ದಾರ ತುಂಡಾದರೂ ಎಷ್ಟೋ ಸಲ ಮೇಲೆ ಬಂದು ದಡ ಸೇರುತ್ತೆ, ಹುಡುಕಿ ತಗೋಬಹುದು.

ಯಾವ ಮರ, ಹೇಗೆ ಕೆತ್ತೋದು

ಚನ್ನಪಟ್ಟಣದ ಬೊಂಬೆ ಮಾಡುವ ಹಾಲೆ ಮರ ಇದಕ್ಕೂ ಚೆನ್ನಾಗಿದೆ. ಮೃದು, ಎಳೆ ನುಣುಪು, ಉಳಿಗೆ ಸುಲಭವಾಗಿ ಬಗ್ಗುತ್ತೆ. ಹೊಲದ ಬದುವಿನಲ್ಲಿ ಹೆಬ್ಬೇವು ಇದ್ದರೆ ಅದರ ಸವರಿದ ಕೊಂಬೆಯೂ ಆಗುತ್ತೆ, ಬಹಳ ಹಗುರ. ತೇಗದ ತುಂಡು ಬೇಡ. ತೂಕ ಜಾಸ್ತಿ, ಎಣ್ಣೆಯಂಶ ಇರೋದರಿಂದ ಬಣ್ಣವೂ ಸರಿಯಾಗಿ ಹಿಡಿಯಲ್ಲ. ಹಸಿ ಮರ ಯಾವತ್ತೂ ಬೇಡ, ನೆರಳಲ್ಲಿ ಪೂರ್ತಿ ಒಣಗಿರಬೇಕು. ಇಲ್ಲದಿದ್ದರೆ ಆಮೇಲೆ ಸೀಳುತ್ತೆ.

ಕೊರವಕ್ಕೆ ನೀರಿನ ಮೇಲೆ ಓಡುವ, ಮೂತಿಯಲ್ಲಿ ಬಟ್ಟಲಿನಂಥ ಗುಳಿ ಇರುವ ಪಾಪರ್ ಸಾಕು. 7–8 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ದಪ್ಪ. ಒಂದು ಮಾತು ನೆನಪಿಡಿ: ತುಂಡು ಚೌಕವಾಗಿ ಇರುವಾಗಲೇ ಹೊಟ್ಟೆಯ ಕಡೆಯಿಂದ ನಡುಗೆರೆಯಲ್ಲಿ ಗರಗಸದ ಸೀಳು ಹಾಕಿ. ಉರುಟು ಮಾಡಿದ ಮೇಲೆ ಸೀಳೋಕೆ ಹೋದರೆ ಗೆರೆ ಓರೆಯಾಗುತ್ತೆ, ಲ್ಯೂರ್ ಒಂದು ಕಡೆಗೆ ವಾಲುತ್ತೆ.

ಆ ಸೀಳಿನೊಳಗೆ ಮೂತಿಯಿಂದ ಬಾಲದವರೆಗೆ ಒಂದೇ ಸ್ಟೇನ್‌ಲೆಸ್ ಸ್ಟೀಲ್ ತಂತಿ ಹೋಗಬೇಕು, 1 ಮಿಲಿಮೀಟರ್ ದಪ್ಪದ್ದು. ಎರಡೂ ತುದಿಯಲ್ಲಿ ಕುಣಿಕೆ ಸುತ್ತಿ. ಮುಂದಿನದಕ್ಕೆ ದಾರ, ಹಿಂದಿನದಕ್ಕೆ ಕೊಕ್ಕೆ. ಸೀಳನ್ನು ಮರದ ಪುಡಿ ಬೆರೆಸಿದ ಎಪಾಕ್ಸಿ ಅಂಟಿನಿಂದ ತುಂಬಿ. ಹೀಗೆ ಮಾಡಿದರೆ ಮರ ಸೀಳಿಹೋದರೂ ಕೊಕ್ಕೆ ದಾರದಲ್ಲೇ ಇರುತ್ತೆ. ಸಣ್ಣ ಸ್ಕ್ರೂ ಕೊಕ್ಕೆಯನ್ನು ಮೆದು ಮರಕ್ಕೆ ತಿರುಗಿಸಿ ಬಿಡೋದು ಸುಲಭ, ಆದರೆ ಮರ ನೀರು ಕುಡಿದು ಮೆತ್ತಗಾದಾಗ ಕಿತ್ತು ಬರೋದೂ ಅಷ್ಟೇ ಸುಲಭ. ಅಂಟು ಗಟ್ಟಿಯಾದ ಮೇಲೆ ಮೂತಿಯ ಕುಣಿಕೆಯಿಂದ ನೇತುಹಾಕಿ, ಬಾಲದ ಕುಣಿಕೆಗೆ 5 ಲೀಟರ್ ನೀರಿನ ಕ್ಯಾನ್ ಕಟ್ಟಿ ನೋಡಿ. ತಡೆದುಕೊಂಡರೆ ಮುಂದಿನ ಕೆಲಸ.

ಬಕೆಟ್ ಪರೀಕ್ಷೆ

ನನ್ನ ಮೊದಲ ಲ್ಯೂರ್‌ಗೆ ಎರಡು ರಾತ್ರಿ ಕೂತು ಬಣ್ಣ ಬಳಿದಿದ್ದೆ. ನೀರಿಗೆ ಬಿಟ್ಟರೆ ಸತ್ತ ಮೀನಿನ ಹಾಗೆ ಮಗ್ಗುಲಾಗಿ ಮಲಗಿತು. ತೂಕ ಹಾಕೋಕೆ ಬಣ್ಣವನ್ನೇ ಕೆರೆದು ತೂತು ಕೊರೆಯಬೇಕಾಯ್ತು. ಆವತ್ತಿನಿಂದ ಕ್ರಮ ಬದಲಾಯಿಸಿಕೊಂಡೆ.

ಬಣ್ಣಕ್ಕೆ ಮುಂಚೆ, ಸೀಲರ್ ಒಂದು ಕೈ ಬಳಿದು, ಕೊಕ್ಕೆ ಸಮೇತ ಬಕೆಟ್‌ಗೆ ಬಿಡಿ. ಹೊಟ್ಟೆಗೆ ರಬ್ಬರ್ ಬ್ಯಾಂಡ್ ಸುತ್ತಿ, ಅದರಡಿ ಸಣ್ಣ ನಟ್ಟು ಅಥವಾ ಕತ್ತರಿಸಿದ ಮೊಳೆ ಸಿಕ್ಕಿಸಿ ಹಿಂದೆ ಮುಂದೆ ಸರಿಸುತ್ತಾ ಹೋಗಿ. ಮೂತಿ ನೀರಿನ ಮೇಲೆ, ಬಾಲ ಓರೆಯಾಗಿ ಕೆಳಗೆ, ಬೆನ್ನು ನೇರ ಮೇಲೆ ಬಂದಾಗ ಆ ಜಾಗಕ್ಕೆ ಗುರುತು ಹಾಕಿ. ಅಲ್ಲೇ ತೂತು ಕೊರೆದು ತೂಕ ಕೂರಿಸಿ. ಮೇಲಿನ ಬಣ್ಣ, ಎಪಾಕ್ಸಿಯ ಭಾರವೂ ಸೇರುತ್ತೆ, ಸ್ವಲ್ಪ ಕಡಿಮೆಯಲ್ಲೇ ನಿಲ್ಲಿಸಿ.

ತೂಕಕ್ಕೆ ಸೀಸ ಬೇಡ. ಬ್ರಿಟನ್‌ನಲ್ಲಿ ಗಾಳದ ಸಣ್ಣ ಸೀಸದ ಗುಂಡುಗಳನ್ನು ನುಂಗಿ ಹಂಸಗಳು ಸಾಯುತ್ತಿದ್ದವು, 1987ರಿಂದ ಅವುಗಳ ಮಾರಾಟವನ್ನೇ ಅಲ್ಲಿ ನಿಲ್ಲಿಸಿದರು. ನಮ್ಮ ಕೆರೆಗೂ ಬಾತು, ಕೊಕ್ಕರೆ ಬರುತ್ತವೆ. ಕಬ್ಬಿಣವೇ ಸಾಕು.

ನಡಿಗೆಯೇ ಮುಖ್ಯ ಅನ್ನೋದು ನನ್ನ ಹೊಸ ಮಾತೇನಲ್ಲ. ಇವತ್ತು ಜಗತ್ತೆಲ್ಲ ಮಾರಾಟವಾಗುವ ರಪಾಲಾ ಲ್ಯೂರ್ ಶುರುವಾಗಿದ್ದು ಫಿನ್‌ಲ್ಯಾಂಡ್‌ನ ಲೌರಿ ರಪಾಲಾ ಅನ್ನೋ ಬಡ ಮೀನುಗಾರನ ಕೈಯಲ್ಲಿ, 1936ರಲ್ಲಿ. ಗುಂಪಿನಲ್ಲಿ ಸ್ವಲ್ಪ ತಪ್ಪಾಗಿ, ಗಾಯವಾದ ಹಾಗೆ ಈಜುವ ಮರಿಯ ಮೇಲೇ ದೊಡ್ಡ ಮೀನು ಎರಗುತ್ತೆ ಅನ್ನೋದನ್ನ ಅವನು ದೋಣಿಯಲ್ಲಿ ಕೂತು ನೋಡಿದ್ದ. ಆ ಓಲಾಟ ತರೋಕೆ ಬೆಂಡು ಕೆತ್ತಿದ. ಹೊಳಪಿಗೆ ಸುತ್ತಿದ್ದು ಚಾಕಲೇಟ್ ಹಾಳೆ, ಮೇಲಿನ ಲೇಪಕ್ಕೆ ಕರಗಿಸಿದ್ದು ಹಳೇ ಫೋಟೋ ನೆಗೆಟಿವ್. ಕೈಗೆ ಸಿಕ್ಕಿದ್ದರಲ್ಲಿ ಬಣ್ಣದ ಕೆಲಸ ಮುಗಿಸಿದ, ತಲೆ ಕೆಡಿಸಿಕೊಂಡಿದ್ದು ಓಲಾಟಕ್ಕೆ.

ಈಗ ಬಣ್ಣಕ್ಕೆ ಬನ್ನಿ

ಬಣ್ಣದ ಮೊದಲ ಕೆಲಸ ನೀರು ತಡೆಯೋದು. ಮರ ನೀರು ಕುಡಿದರೆ ಉಬ್ಬುತ್ತೆ, ಉಬ್ಬಿದರೆ ಬಣ್ಣ ಬಿರಿಯುತ್ತೆ. ಹಾಗಾಗಿ ಸೀಲರ್ ಒಟ್ಟು ಮೂರು ಕೈ ಆಗಲಿ, ಪ್ರತಿ ಸಲ ಒಣಗಿದ ಮೇಲೆ ನಯವಾದ ಉಪ್ಪುಕಾಗದ ತಿಕ್ಕಿ. ಆಮೇಲೆ ಬಿಳಿ ಪ್ರೈಮರ್. ಬೊಂಬೆಯ ಹಾಗೆ ಅರಗಿನ ಬಣ್ಣ ಹಚ್ಚಬಹುದಾ ಅಂತ ಕೇಳೋರಿದ್ದಾರೆ. ಅರಗು ನೋಡೋಕೆ ಚೆಂದ, ಆದರೆ ನೀರಲ್ಲಿ ಹೆಚ್ಚು ಹೊತ್ತು ನೆನೆದರೆ ಬಿಳಿಚಿಕೊಳ್ಳುತ್ತೆ. ಮೇಲೆ ಎಪಾಕ್ಸಿ ಬೇಕೇ ಬೇಕು.

ಬೆನ್ನು ಗಾಢ, ಹೊಟ್ಟೆ ತಿಳಿ. ನಿಜವಾದ ಮೀನು ಇರೋದೇ ಹಾಗೆ. ಹುರುಪೆ ಬೇಕು ಅಂದರೆ ಈರುಳ್ಳಿ ಚೀಲದ ಬಲೆಯನ್ನು ಬಿಗಿಯಾಗಿ ಸುತ್ತಿ, ಮೇಲಿಂದ ಸ್ಪ್ರೇ ಹೊಡೆದು ಬಲೆ ತೆಗೆಯಿರಿ, ಸಾಲುಸಾಲಾಗಿ ಹುರುಪೆ ಮೂಡಿರುತ್ತೆ. ಮೊಳೆಯ ತಲೆಯನ್ನು ಬಣ್ಣದಲ್ಲಿ ಅದ್ದಿ ಒತ್ತಿದರೆ ಕಣ್ಣು. ಹೊಸ ಮಳೆಯ ಕೆಂಪು ನೀರಿಗೆ ಇಷ್ಟೆಲ್ಲ ಬೇಕಾಗಿಲ್ಲ. ಕೆಳಗಿನಿಂದ ನೋಡುವ ಮೀನಿಗೆ ಆಕಾಶದ ಎದುರು ಕಾಣೋದು ನೆರಳಿನಾಕಾರ ಮಾತ್ರ, ಬರೀ ಕಪ್ಪು ಬಳಿದರೂ ನಡೆಯುತ್ತೆ.

ಕೊನೆಗೆ ಎರಡು ಭಾಗದ ಪಾರದರ್ಶಕ ಎಪಾಕ್ಸಿ, ತೆಳುವಾಗಿ. ಹಚ್ಚಿದ ಮೇಲೆ ಹೆಪ್ಪುಗಟ್ಟುವವರೆಗೂ ಲ್ಯೂರ್ ತಿರುಗಿಸುತ್ತಾ ಇರಿ, ಇಲ್ಲದಿದ್ದರೆ ಒಂದು ಕಡೆ ಇಳಿದು ಗಡ್ಡೆಯಾಗಿ ಸಮತೂಕವೇ ಹೋಗುತ್ತೆ. ಸ್ಪ್ರೇ, ಉಪ್ಪುಕಾಗದದ ಕೆಲಸಕ್ಕೆ ಮಾಸ್ಕ್, ಎಪಾಕ್ಸಿಗೆ ಕೈಗವಸು ಇರಲಿ. ಬ್ರಷ್ ತೊಳೆದ ಥಿನ್ನರ್ ಕಾಲುವೆಗೆ ಸುರಿಯಬೇಡಿ.

ಕೊಕ್ಕೆ ಮೂರು ಮುಳ್ಳಿನದು ಬೇಡ. ಜೊಂಡು, ಬೊಡ್ಡೆ ಇರುವ ಕೆರೆಯಲ್ಲಿ ಒಂಟಿ ಕೊಕ್ಕೆಯನ್ನು ಮುಳ್ಳು ಮೇಲ್ಮುಖವಾಗಿ ಕಟ್ಟಿ. ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿಬಿಟ್ಟರೆ ನಿಮ್ಮ ಬೆರಳಿಗೆ ಚುಚ್ಚಿದರೂ ಸುಲಭವಾಗಿ ತೆಗೆಯಬಹುದು.

ಎಲ್ಲಿ ಎಸೆಯಬಾರದು

ಊರ ಕೆರೆಯ ಮೀನನ್ನು ಗುತ್ತಿಗೆ ಪಡೆದವರು ಇರುತ್ತಾರೆ, ಅವರನ್ನು ಕೇಳಿಯೇ ಗಾಳ ಹಾಕಿ. ಇನ್ನೊಂದು, ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕುದಿಯೋ ಹಾಗೆ ಕಾಣುತ್ತೆ. ಅದರ ಕೆಳಗೆ ತಂದೆ ತಾಯಿ ಕೊರವ ಕಾವಲು ಇರುತ್ತವೆ. ಅಲ್ಲಿಗೆ ಲ್ಯೂರ್ ಬಿದ್ದರೆ ಹಸಿವಿಲ್ಲದಿದ್ದರೂ ಸಿಟ್ಟಿಗೆ ಕಚ್ಚುತ್ತವೆ. ವಿಡಿಯೋದಲ್ಲಿ ಇದನ್ನೇ ಜಾಣತನ ಅಂತ ತೋರಿಸ್ತಾರೆ. ಕಾವಲು ಹೋದ ಮರಿಗಳನ್ನು ಉಳಿದ ಮೀನುಗಳು ಮುಗಿಸುತ್ತವೆ, ಮುಂದಿನ ವರ್ಷದ ಮೀನು ಅಲ್ಲಿಗೆ ಖಾಲಿ. ಅಂಥ ಗುಂಪು ಕಂಡರೆ ದಾರ ಸುತ್ತಿಕೊಂಡು ಬೇರೆ ಕಡೆ ಹೋಗಿ.

ಈ ಭಾನುವಾರ ಒಣಗಿದ ಹೆಬ್ಬೇವಿನ ತುಂಡು, ಗರಗಸ, ತಂತಿ, ಒಂದು ಬಕೆಟ್ ನೀರು ಇಟ್ಕೊಂಡು ಕೂತ್ಕೊಳ್ಳಿ. ಬಣ್ಣದ ಡಬ್ಬಿ ಮುಂದಿನ ಭಾನುವಾರ ತೆಗೆದರಾಯ್ತು.