ಹಳೇ ಒಡ್ಡನ್ನೂ ಅಳೆಯೋಣ ಬನ್ನಿ

ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ವಿಷಯ ಹುಡುಕುವ ಕಾಲ ಬಂತೆಂದರೆ ಸಿವಿಲ್ ವಿಭಾಗದಲ್ಲಿ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ. ಹಗುರ ಕಾಂಕ್ರೀಟ್, ಪ್ಲಾಸ್ಟಿಕ್ ಬೆರೆಸಿದ ಇಟ್ಟಿಗೆ, ಬಹುಮಹಡಿ ಕಟ್ಟಡದ ವಿನ್ಯಾಸ. ಅಷ್ಟೂ ಬೇಡವೆಂದರೆ ಸಿದ್ಧ ವರದಿ ಮಾರುವ ಅಂಗಡಿಗಳಿವೆ. ‘ಹೊಲದ ಒಡ್ಡಿನ ಮೇಲೆ ಮಾಡೋಣ’ ಎಂದು ನಾನು ಹೇಳಿದಾಗ ಗೆಳೆಯರು ನಕ್ಕರು. ‘ಅದು ಅಗ್ರಿಯವರ ಕೆಲಸ, ನಮ್ದಲ್ಲ’ ಎಂದರು. ಅದು ನಮ್ಮದೇ ಕೆಲಸ ಎಂದು ಹೇಳಲು ನನ್ನ ಬಳಿ ಕಾರಣಗಳಿವೆ.

ನಮ್ಮೂರು ವಿಜಯಪುರ ಜಿಲ್ಲೆಯ ಎರೆಭೂಮಿಯಲ್ಲಿದೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು. ಅದೂ ನಾಲ್ಕಾರು ದೊಡ್ಡ ಮಳೆಗಳಲ್ಲೇ ಬಹುಪಾಲು ಸುರಿದುಹೋಗುತ್ತದೆ. ಮಳೆ ಮುಗಿಯುವ ಹೊತ್ತಿಗೆ ಬಿತ್ತುವ ಹಿಂಗಾರಿ ಬಿಳಿಜೋಳ ಬೆಳೆಯುವುದು ಮಣ್ಣಿನಲ್ಲಿ ಉಳಿದ ಹಸಿಯ ಮೇಲೆ. ಹಾಗಾಗಿ ಎಷ್ಟು ಮಳೆ ಬಂತು ಎನ್ನುವುದಕ್ಕಿಂತ ಎಷ್ಟು ನೀರು ಹೊಲದಲ್ಲಿ ನಿಂತಿತು ಎನ್ನುವುದೇ ಇಲ್ಲಿ ಮುಖ್ಯ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅದರ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರು. ಅದೇ ಎಕರೆಯಲ್ಲಿ ಒಂದೇ ಒಂದು ಮಿ.ಮೀ. ಮಣ್ಣು ಕೊಚ್ಚಿಹೋದರೆ ಐದು ಟನ್ ಲೆಕ್ಕ. ಒಂದು ಮಿ.ಮೀ. ಕಣ್ಣಿಗೆ ಕಾಣುವುದಿಲ್ಲ, ಐದು ಟನ್ ಮಾತ್ರ ಹೋಗಿರುತ್ತದೆ.

ಈ ಲೆಕ್ಕ ನಮ್ಮ ಹಿಂದಿನವರಿಗೆ ಗೊತ್ತಿತ್ತು. 1956ರವರೆಗೆ ನಮ್ಮ ಜಿಲ್ಲೆ ಮುಂಬೈ ಆಡಳಿತದಲ್ಲಿತ್ತು. 1930ರ ದಶಕದಲ್ಲೇ ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ ಶುರುವಾಗಿತ್ತು. 1942ರಲ್ಲಿ ಮುಂಬೈ ಸರ್ಕಾರ ಭೂ ಸುಧಾರಣಾ ಯೋಜನೆಗಳ ಕಾಯ್ದೆ ತಂದಿತು. ಒಬ್ಬ ರೈತನ ಹೊಲವನ್ನಷ್ಟೇ ನೋಡದೆ ಇಡೀ ಇಳಿಜಾರನ್ನು ಒಂದಾಗಿ ನೋಡಿ ಒಡ್ಡು ಹಾಕಲು ಅದು ದಾರಿ ಮಾಡಿತು. ಸರ್ವೆ ತಂಡ ಲೆವೆಲ್ ಯಂತ್ರ ಹೂಡಿ ಸಮಮಟ್ಟದ ಗೆರೆ ಗುರುತಿಸುವುದು, ಆ ಗೆರೆಯ ಮೇಲೆ ಮಣ್ಣಿನ ಒಡ್ಡು ಏರುವುದು. ಬರಗಾಲದಲ್ಲಿ ಕೂಲಿ ಕೊಡುವ ಕಾಮಗಾರಿಯಾಗಿಯೂ ಈ ಕೆಲಸ ನಡೆಯಿತು. ಉದ್ದ ಇಳಿಜಾರನ್ನು ತುಂಡು ಮಾಡಿದರೆ ನೀರಿಗೆ ಓಟ ಸಿಗುವುದಿಲ್ಲ, ಓಟವಿಲ್ಲದ ನೀರು ಮಣ್ಣು ಹೊರುವುದಿಲ್ಲ. 1965ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಮಣ್ಣು ಸವಕಳಿಯ ಸಮೀಕರಣದಲ್ಲೂ ಇಳಿಜಾರಿನ ಉದ್ದಕ್ಕೆ ಒಂದು ಸ್ಥಾನವಿದೆ. ಅದನ್ನು ನಾವು ಪರೀಕ್ಷೆಗೆ ಬಾಯಿಪಾಠ ಮಾಡುತ್ತೇವೆ. ನಮ್ಮ ಹೊಲದ ಒಡ್ಡು ಅದೇ ಪಾಠದ ಉದಾಹರಣೆ ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಹಾಗೆಂದು ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಮಡ್ಡಿ ಮಣ್ಣಿನಲ್ಲಿ ನೀರು ಬೇಗ ಇಂಗುತ್ತದೆ. ಆಳವಾದ ಎರೆಮಣ್ಣು ಹಾಗಲ್ಲ. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಅಂಥ ಹೊಲಗಳಲ್ಲಿ ಸಮಮಟ್ಟದ ಒಡ್ಡಿನ ಹಿಂದೆ ನೀರು ದಿನಗಟ್ಟಲೆ ನಿಂತು ಬೆಳೆ ಕೆಟ್ಟಿತು. ಒಡ್ಡಿನ ಬಿರುಕಿನಲ್ಲಿ ನೀರು ನುಗ್ಗಿ ಒಡ್ಡೇ ಒಡೆಯಿತು. ಒಂದು ಒಡ್ಡು ಒಡೆದರೆ ಕೆಳಗಿನದೂ ಉಳಿಯುವುದಿಲ್ಲ. 1954ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರ ಆರಂಭವಾದದ್ದು ಇಂಥ ಕಪ್ಪು ಮಣ್ಣಿನ ಅಧ್ಯಯನಕ್ಕೆ. ಎರೆಭೂಮಿಯ ಒಡ್ಡಿಗೆ ಸ್ವಲ್ಪ ಇಳುಕಲು ಕೊಟ್ಟು, ಹೆಚ್ಚಾದ ನೀರು ಕೋಡಿಯ ಮೂಲಕ ನಿಧಾನವಾಗಿ ಹೊರಹೋಗುವಂತೆ ಮಾಡಬೇಕು ಎಂಬ ತಿಳಿವಳಿಕೆ ಗಟ್ಟಿಯಾದದ್ದು ಇಂಥ ಅಧ್ಯಯನಗಳಿಂದಲೇ. ಮಣ್ಣು ನೋಡದೆ ಒಂದೇ ನಕ್ಷೆಯನ್ನು ಎಲ್ಲ ಕಡೆ ಅಂಟಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ಇನ್ನೊಂದು ತೊಡಕು ಕಾಗದದ್ದು. ನೀರಿಗೆ ಪಹಣಿ ಓದಲು ಬರುವುದಿಲ್ಲ. ಸಮಮಟ್ಟದ ಗೆರೆ ಸೊಟ್ಟಗೆ ಹೋಗುತ್ತದೆ, ಹೊಲದ ಗಡಿ ನೇರವಾಗಿ ಹೋಗುತ್ತದೆ. ನಮ್ಮ ಅಜ್ಜನ ಹೊಲ ಮೂರು ಪಾಲಾದಾಗ ಎಲ್ಲರಿಗೂ ರಸ್ತೆ ಸಿಗಲಿ ಎಂದು ಇಳಿಜಾರಿನ ಗುಂಟ ಉದ್ದಕ್ಕೆ ಸೀಳಿದರು. ಅಡ್ಡಲಾಗಿದ್ದ ಒಡ್ಡು ಮೂರು ತುಂಡಾಯಿತು. ಒಂದು ತುಂಡು ಟ್ರ್ಯಾಕ್ಟರ್ ತಿರುಗಲು ಅಡ್ಡ ಬಂತೆಂದು ನೆಲಸಮವಾಯಿತು. ಈಗ ಸಾಲುಗಳು ಮೇಲಿಂದ ಕೆಳಕ್ಕೆ ಓಡುತ್ತವೆ, ನೀರೂ ಅವುಗಳ ಹಿಂದೆಯೇ ಓಡುತ್ತದೆ. ಇದರಲ್ಲಿ ಯಾರನ್ನೂ ದೂರುವ ಹಾಗಿಲ್ಲ. ಪಾಲು ಕೇಳಿದವರದೂ ನ್ಯಾಯವೇ, ಟ್ರ್ಯಾಕ್ಟರ್ ಹೊಡೆಯುವವನ ಕಷ್ಟವೂ ನಿಜವೇ. ಆದರೆ ಪಾಲು ಮಾಡುವಾಗ ಮಟ್ಟ ನೋಡಿ ಹೇಳುವವರು ಅಲ್ಲಿ ಒಬ್ಬರೂ ಇರಲಿಲ್ಲ.

‘ಕಾಲುವೆ ಬಂತು, ಬೋರ್‌ವೆಲ್ ಬಂತು, ಇನ್ನು ಒಡ್ಡೇಕೆ?’ ಎಂದು ಕೇಳುವವರಿದ್ದಾರೆ. ಕಾಲುವೆಯ ನೀರು ಏರು ಹೊಲಗಳಿಗೆಲ್ಲ ಹತ್ತುವುದಿಲ್ಲ. ಬೋರ್‌ವೆಲ್ ಎತ್ತುವುದೂ ಎಂದೋ ಇಂಗಿದ ಮಳೆನೀರನ್ನೇ. ಇನ್ನು ಕೊಚ್ಚಿಹೋದ ಮಣ್ಣನ್ನು ಯಾವ ಕಾಲುವೆಯೂ ವಾಪಸು ತರುವುದಿಲ್ಲ, ಅದು ಕೆರೆಯಲ್ಲಿ ಹೂಳಾಗಿ ಕೂರುತ್ತದೆ. ಉದ್ಯೋಗ ಖಾತರಿಯಲ್ಲಿ ಬದು ನಿರ್ಮಾಣವಾಗುತ್ತದಲ್ಲ ಎಂದರೆ, ಹೌದು, ಅದು ಒಳ್ಳೆಯದೇ. ಆದರೆ ಮಟ್ಟ ನೋಡದೆ, ಕೋಡಿ ಬಿಡದೆ ಗಡಿಗುಂಟ ಮಣ್ಣು ಗುಡ್ಡೆ ಹಾಕಿದರೆ ಕೂಲಿ ಸಿಕ್ಕೀತು, ನೀರು ನಿಲ್ಲಲಿಕ್ಕಿಲ್ಲ.

ಇಲ್ಲಿ ನಮಗೆ ಜಾಗವಿದೆ. ಸಿವಿಲ್ ಓದುವವರಿಗೆ ಸರ್ವೆ ಕ್ಯಾಂಪ್ ಇರುತ್ತದೆ. ಕಟ್ಟುವುದೇ ಇಲ್ಲದ ಕೆರೆಗೆ, ಹಾಕುವುದೇ ಇಲ್ಲದ ರಸ್ತೆಗೆ ಬಿಸಿಲಲ್ಲಿ ನಿಂತು ರೀಡಿಂಗ್ ತೆಗೆಯುತ್ತೇವೆ. ಡ್ರಾಯಿಂಗ್ ಕಪಾಟು ಸೇರುತ್ತದೆ. ಅದೇ ಯಂತ್ರ, ಅದೇ ಬಿಸಿಲು, ಅದೇ ದಿನಗಳಲ್ಲಿ ಹತ್ತಿರದ ಒಂದು ಊರಿನ ಹಳೇ ಒಡ್ಡುಗಳನ್ನು ಅಳೆಯಬಾರದೇಕೆ? ಯಾವುದು ಉಳಿದಿದೆ, ಎಲ್ಲಿ ಒಡೆದಿದೆ, ಕೋಡಿ ಎಲ್ಲಿ ಬೇಕು ಎಂಬ ನಕ್ಷೆಯನ್ನು ಗ್ರಾಮ ಪಂಚಾಯಿತಿಗೆ ಕೊಡೋಣ. ಮುಂದಿನ ಬದು ಕಾಮಗಾರಿಗೆ, ಮುಂದಿನ ಆಸ್ತಿ ಪಾಲಿಗೆ ಅದು ಉಪಯೋಗಕ್ಕೆ ಬರುತ್ತದೆ. ವಿಶ್ವವಿದ್ಯಾಲಯಗಳು ಇದನ್ನು ಕ್ಯಾಂಪಿನ ಒಂದು ಭಾಗವಾಗಿ ಒಪ್ಪಿಕೊಂಡರೆ ಹೊಸ ಖರ್ಚೂ ಇಲ್ಲ.

ಕೆಲಸ ಹುಡುಕುವ ಗೆಳೆಯರಿಗೂ ಒಂದು ಮಾತು. ಸಂದರ್ಶನದಲ್ಲಿ ‘ನೀನು ಏನು ಮಾಡಿದ್ದೀಯ?’ ಎಂದು ಕೇಳಿದಾಗ, ಕೊಂಡು ತಂದ ವರದಿ ಎರಡನೇ ಪ್ರಶ್ನೆಗೇ ಕೈಕೊಡುತ್ತದೆ. ನಲವತ್ತು ಎಕರೆಯ ಮಟ್ಟ ಅಳೆದು, ರೈತರ ಜತೆ ವಾದ ಮಾಡಿ, ಒಡ್ಡು ಒಡೆದ ಕಾರಣ ಹುಡುಕಿದವನಿಗೆ ಹೇಳಲು ಬೇಕಾದಷ್ಟಿರುತ್ತದೆ. ಈ ಸಲದ ಕ್ಯಾಂಪಿಗೆ ನಾನಂತೂ ಒಡ್ಡಿನ ಸರ್ವೆಯನ್ನೇ ಕೇಳುತ್ತೇನೆ. ನಿಮ್ಮ ಕಾಲೇಜಿನಲ್ಲೂ ಕೇಳಿ ನೋಡಿ.