ನಮ್ಮ ಮಕ್ಕಳ ಕಥೆಯನ್ನು ನಾವೇ ಬರೆಯೋಣ

ಅನಂತಪುರ ಕ್ಷೇತ್ರದ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರ್‌ನಲ್ಲಿ ಸತ್ತಾಗ ಕುಂಬಳೆ ಸೀಮೆಯಲ್ಲೆಲ್ಲ ಅದೇ ಮಾತು. ನೈವೇದ್ಯದ ಅನ್ನ ತಿಂದು, ಯಾರ ತಂಟೆಗೂ ಹೋಗದೆ ಬದುಕಿತ್ತು ಎಂದು ಹಿರಿಯರು ಹೇಳುತ್ತಿದ್ದರೆ ಮಕ್ಕಳದು ಪ್ರಶ್ನೆಯ ಮೇಲೆ ಪ್ರಶ್ನೆ. ಅದು ಎಲ್ಲಿಂದ ಬಂತು? ಮೀನು ತಿನ್ನುತ್ತಿರಲಿಲ್ಲವಾ? ಅದಕ್ಕೆ ಅಮ್ಮ ಇರಲಿಲ್ಲವಾ? ಹೀಗೆ ಕೇಳುವ ಮಗುವಿನ ಕೈಗೆ ಕೊಡಲು, ನಮ್ಮೂರಿನವರೇ ಬರೆದ, ಚಿತ್ರಗಳಿರುವ ಒಂದು ಕನ್ನಡ ಪುಸ್ತಕ ನಿಮ್ಮ ಮನೆಯಲ್ಲಿದೆಯೇ? ಹೆಚ್ಚಿನ ಮನೆಗಳಲ್ಲಿ ಉತ್ತರ ಇಲ್ಲ ಎಂದೇ ಇರಬಹುದು.

ಕಾಸರಗೋಡಿನ ಮಗುವಿನ ಕನ್ನಡ ಸ್ವಲ್ಪ ಬೇರೆ. ಮನೆಯಲ್ಲಿ ತುಳುವೋ, ಹವ್ಯಕ ಕನ್ನಡವೋ, ಕೊಂಕಣಿಯೋ, ಕರಾಡ ಮರಾಠಿಯೋ, ಬ್ಯಾರಿಯೋ. ಅಂಗಡಿಯಲ್ಲಿ, ಬಸ್ಸಿನಲ್ಲಿ ಮಲಯಾಳ. ಪುಸ್ತಕದ ಕನ್ನಡ ಎಷ್ಟೋ ಮಕ್ಕಳಿಗೆ ಸಿಗುವುದು ಶಾಲೆಗೆ ಹೋದ ಮೇಲೆಯೇ. ಹಾಗಿರುವಾಗ ಆ ಭಾಷೆ ಪಾಠ ಮತ್ತು ಪರೀಕ್ಷೆಗೆ ಮಾತ್ರ ಎಂದಾದರೆ ಮಗು ಅದನ್ನು ಎಷ್ಟು ದಿನ ಪ್ರೀತಿಸೀತು? ಕನ್ನಡ ಮಾಧ್ಯಮದ ತರಗತಿಗಳಿಗೆ ಮಕ್ಕಳು ಸಾಲದೆ ಬಂದರೆ ಡಿವಿಷನ್ ಉಳಿಯುವುದಿಲ್ಲ, ಅಧ್ಯಾಪಕರ ಹುದ್ದೆಯೂ ಉಳಿಯುವುದಿಲ್ಲ. 1956ರಿಂದ ನಾವು ಭಾಷೆಯ ಹಕ್ಕಿಗಾಗಿ ಮನವಿ ಕೊಟ್ಟಿದ್ದೇವೆ, ಧರಣಿ ಕೂತಿದ್ದೇವೆ. ಅದು ಬೇಕು, ಮುಂದೆಯೂ ಬೇಕು. ಆದರೆ ಮಲಗುವ ಹೊತ್ತಿಗೆ ಮಗು ತಾನಾಗಿ ತೆರೆದು ಓದುವ ಒಂದು ಪುಸ್ತಕವನ್ನು ಯಾವ ಧರಣಿಯೂ ತಂದುಕೊಡುವುದಿಲ್ಲ.

ಈ ಕೆಲಸ ನಮಗೆ ಹೊಸದಲ್ಲ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಅಧ್ಯಾಪಕರಾಗಿ, ಶಾಲೆಗಳ ಇನ್‌ಸ್ಪೆಕ್ಟರರಾಗಿ ಮಕ್ಕಳ ನಡುವೆ ಓಡಾಡಿದವರು. ಮಕ್ಕಳಿಗೆ ಬೇಕಾದ ಹಾಡು, ಕಥೆಗಳನ್ನು ತಾವೇ ಬರೆದರು. ಆಗ ಕಾಸರಗೋಡೂ ಅದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ನೂರು ವರ್ಷ ಬಾಳಿ 2015ರಲ್ಲಿ ತೀರಿಕೊಂಡ ನಮ್ಮ ಕಯ್ಯಾರ ಕಿಞ್ಞಣ್ಣ ರೈಗಳೂ ಮಾಷ್ಟ್ರೇ. ಅವರೂ ಮಕ್ಕಳಿಗಾಗಿ ಪದ್ಯ ಬರೆದರು. ಇವರಿಬ್ಬರೂ ಬರೆದದ್ದು ಕಣ್ಣೆದುರು ಕೂತ ಮಕ್ಕಳನ್ನು ನೋಡಿ.

ಇಂದು ಬರೆಯುವವರಿಗೆ ಬಾಗಿಲುಗಳು ಹಿಂದಿಗಿಂತ ಹೆಚ್ಚಿವೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ 24 ಭಾಷೆಗಳಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಮೊತ್ತ 50,000 ರೂಪಾಯಿ. ಮೊದಲ ವರ್ಷ ಕನ್ನಡಕ್ಕೆ ಅದನ್ನು ತಂದವರು ನಮ್ಮ ನೆರೆಯ ಪುತ್ತೂರಿನ ಬೊಳುವಾರು ಮಹಮದ್ ಕುಂಞಿ. ಈ ಪುರಸ್ಕಾರ ಭಾಷೆಗೆ ಸಲ್ಲುವುದು, ರಾಜ್ಯಕ್ಕಲ್ಲ. ಮಂಜೇಶ್ವರದಲ್ಲಿ ಕೂತು ಬರೆದರೂ ಕನ್ನಡ ಕನ್ನಡವೇ.

ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ‘ಸ್ಟೋರಿವೀವರ್’ ಎಂಬ ತಾಣ ತೆರೆಯಿತು. ಅಲ್ಲಿ ಯಾರು ಬೇಕಾದರೂ ಕಥೆ ಬರೆಯಬಹುದು, ಇದ್ದ ಕಥೆಯನ್ನು ಅನುವಾದಿಸಬಹುದು, ಅಲ್ಲಿರುವ ಚಿತ್ರಗಳನ್ನೇ ಬಳಸಬಹುದು. ಓದುವುದಕ್ಕೆ ದುಡ್ಡಿಲ್ಲ. ಆದರೆ ಒಂದು ಮಾತು ನೆನಪಿರಲಿ. ಅಲ್ಲಿ ಹಾಕಿದ ಕಥೆಯನ್ನು ಬೇರೆಯವರು ಲೇಖಕರ ಹೆಸರು ಹೇಳಿ ಬಳಸಬಹುದು, ಬದಲಿಸಲೂಬಹುದು. ಅದಕ್ಕೆ ಒಪ್ಪಿಗೆ ಇದ್ದವರು ಮಾತ್ರ ಹಾಕಬೇಕು. ಎರಡು ಮೂರು ಭಾಷೆ ಬಲ್ಲ ನಮ್ಮವರಿಗೆ ಅನುವಾದ ಒಳ್ಳೆಯ ಮೊದಲ ಮೆಟ್ಟಿಲು. ಮಲಯಾಳದ ಮಕ್ಕಳ ಕಥೆಗಳನ್ನು ಕನ್ನಡಕ್ಕೆ ತರಲು ನಮಗಿಂತ ಹತ್ತಿರದವರು ಯಾರಿದ್ದಾರೆ? ಅಚ್ಚಾದ ಪುಸ್ತಕದ ಕಥೆಯಾದರೆ ಮೂಲ ಲೇಖಕರ ಅನುಮತಿ ಪಡೆಯುವುದನ್ನು ಮಾತ್ರ ಮರೆಯಬಾರದು. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸುವವರು ಐಎಸ್‌ಬಿಎನ್ ಸಂಖ್ಯೆಗೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಕೇಂದ್ರ ಸರಕಾರದ ಏಜೆನ್ಸಿ ಅದನ್ನು ಉಚಿತವಾಗಿಯೇ ಕೊಡುತ್ತದೆ.

ಕರ್ನಾಟಕದ ಅಕಾಡೆಮಿ, ಪ್ರಾಧಿಕಾರಗಳು ಪ್ರಶಸ್ತಿ, ಧನಸಹಾಯಗಳಿಗೆ ಅರ್ಜಿ ಕರೆದಾಗ ಗಡಿನಾಡಿನವರು ಹಾಕಬಹುದೇ ಎಂಬ ಅನುಮಾನ ಪ್ರತಿ ಸಲವೂ ಏಳುತ್ತದೆ. ಪ್ರಕಟಣೆಯಲ್ಲೇ ‘ಹೊರನಾಡು, ಗಡಿನಾಡು ಕನ್ನಡಿಗರೂ ಅರ್ಹರು’ ಎಂದು ಒಂದು ಸಾಲು ಸೇರಿಸಿದರೆ ಯಾರಿಗೇನು ನಷ್ಟ? ಈ ಬೇಡಿಕೆಯನ್ನು ನಮ್ಮ ಸಂಘ ಸಂಸ್ಥೆಗಳು ಒಟ್ಟಾಗಿ ಬರವಣಿಗೆಯಲ್ಲಿ ಕೊಡಬೇಕು.

ಇನ್ನು ಏನು ಬರೆಯುವುದು ಎಂದು ಕೇಳುವವರು ಮನೆಯ ಹಿಂದಿನ ಗುಡ್ಡೆ ನೋಡಲಿ. ಕೆಂಪು ಮುರಕಲ್ಲಿನ ಗುಡ್ಡೆಯನ್ನು ಅಡ್ಡಕ್ಕೆ ಕೊರೆದು ನೀರು ತರುವ ಸುರಂಗ ನಮ್ಮಲ್ಲಿದೆ. ಕತ್ತಲಲ್ಲಿ ಒಬ್ಬನೇ ಕೂತು ಅಗೆಯುವವನ ಕಥೆಗಿಂತ ಸಾಹಸದ ಕಥೆ ಬೇಕೇ? ಕಾಸರಗೋಡು ಗಿಡ್ಡ ದನ ಇದೆ. ಯಕ್ಷಗಾನಕ್ಕೆ ಪ್ರಸಂಗ ಕೊಟ್ಟ ಕುಂಬಳೆಯ ಪಾರ್ತಿಸುಬ್ಬ ಇದ್ದಾನೆ. ಎಂಡೋಸಲ್ಫಾನ್‌ನಿಂದ ನರಳಿದ ಮನೆಗಳಿವೆ. ಅಂಥ ಮನೆಯ ಅಣ್ಣನನ್ನೋ ಅಕ್ಕನನ್ನೋ ಕುರಿತು ತಂಗಿಯೊಬ್ಬಳು ಹೇಳುವ ಕಥೆ ಇನ್ನೊಂದು ಮಗುವಿಗೆ ಎಷ್ಟು ಕಲಿಸೀತು! ಕೊನೆಗೆ ನೀತಿ ಹೇಳಲೇಬೇಕು ಎಂಬ ಹಟ ಬೇಡ. ಅಚ್ಚಿಗೆ ಕೊಡುವ ಮೊದಲು ನಾಲ್ಕು ಮಕ್ಕಳನ್ನು ಕೂರಿಸಿ ಗಟ್ಟಿಯಾಗಿ ಓದಿ. ಅವರು ಎಲ್ಲಿ ಆಚೀಚೆ ನೋಡಲು ಶುರು ಮಾಡುತ್ತಾರೋ ಅಲ್ಲಿ ಕತ್ತರಿ ಹಾಕಿ.

ಕೊಳ್ಳುವವರು ಇಲ್ಲದಿದ್ದರೆ ಬರೆಯುವವರು ಸೋಲುತ್ತಾರೆ. ಕೇರಳದ ಹಳ್ಳಿ ಹಳ್ಳಿಯಲ್ಲಿ ಗ್ರಂಥಾಲಯಗಳಿವೆ, ಅವುಗಳಲ್ಲಿ ಬಾಲವೇದಿ ಇದೆ, ಪುಸ್ತಕ ಕೊಳ್ಳಲು ಗ್ರಂಥಾಲಯ ಕೌನ್ಸಿಲ್‌ನ ಅನುದಾನ ಬರುತ್ತದೆ. ಕನ್ನಡಿಗರಿರುವ ಕಡೆ ಆ ಹಣದ ಒಂದು ಪಾಲು ಕನ್ನಡ ಮಕ್ಕಳ ಪುಸ್ತಕಕ್ಕೆ ಹೋಗಲಿ ಎಂದು ಸದಸ್ಯರು ಮಹಾಸಭೆಯಲ್ಲಿ ಎದ್ದು ನಿಂತು ಕೇಳಬೇಕು. ಕೇಳದೆ ಕೊಡುವವರಿಲ್ಲ.

ಪ್ರತಿ ಜೂನ್ 19ರಂದು ಕೇರಳದ ಶಾಲೆಗಳಲ್ಲಿ ಓದುವ ದಿನ ಆಚರಿಸುತ್ತಾರೆ. ಮುಂದಿನ ಓದುವ ದಿನಕ್ಕೆ ಒಂದೊಂದು ಶಾಲೆಯಿಂದ ಒಬ್ಬ ಟೀಚರೋ, ಒಬ್ಬ ಅಜ್ಜಿಯೋ ಒಂದೊಂದು ಕಥೆ ಬರೆದುಕೊಟ್ಟರೂ ಸಾಕು, ಒಂದು ಪುಸ್ತಕವಾಗುತ್ತದೆ. ಬಬಿಯಾನಿಂದಲೇ ಶುರು ಮಾಡಬಹುದು. ಮಕ್ಕಳು ಪ್ರಶ್ನೆ ಕೇಳಿಯಾಗಿದೆ. ಉತ್ತರ ಬರೆಯಬೇಕಾದವರು ನಾವು.